ಮನಸ್ಸಿನ ಆರೈಕೆಗೆ ಮೊಬೈಲ್ ಆ್ಯಪ್: ಕಾಲೇಜು ವಿದ್ಯಾರ್ಥಿಗಳು ಆರಿಸುವುದು ಹೇಗೆ, ಬಳಸುವುದು ಹೇಗೆ, ಬಿಡುವುದು ಯಾವಾಗ

ರಾತ್ರಿ ಒಂದೂವರೆಗೆ ನಿದ್ದೆ ಬರದೆ ಹೊರಳಾಡುತ್ತಾ, ಆ್ಯಪ್ ಸ್ಟೋರ್ ತೆರೆದು 'ಆಂಕ್ಸೈಟಿ' ಅಂತ ಹುಡುಕಿ, ಕಣ್ಣಿಗೆ ಬಿದ್ದ ಮೂರು ನಾಲ್ಕನ್ನು ಒಟ್ಟಿಗೇ ಇಳಿಸಿಕೊಳ್ಳುವವರು ಬಹಳ ಜನ. ಮರುದಿನ ಒಂದನ್ನು ತೆರೆದು ನೋಡುತ್ತಾರೆ. ವಾರ ಕಳೆಯುವಷ್ಟರಲ್ಲಿ ಎಲ್ಲವೂ ಮರೆತುಹೋಗಿರುತ್ತವೆ, ನೋಟಿಫಿಕೇಶನ್ ಮಾತ್ರ ಬರ್ತಾನೇ ಇರುತ್ತದೆ. ಇದನ್ನು ನಿಮ್ಮ ಸೋಮಾರಿತನ ಅಂದುಕೊಳ್ಳಬೇಡಿ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ 93 ಮಾನಸಿಕ ಆರೋಗ್ಯ ಆ್ಯಪ್‌ಗಳನ್ನು ಜನ ನಿಜಕ್ಕೂ ಎಷ್ಟು ಬಳಸುತ್ತಾರೆ ಅಂತ ನೋಡಿತು. ನಡುಮಟ್ಟದ ಆ್ಯಪ್ ಒಂದನ್ನು ಇಳಿಸಿಕೊಂಡವರಲ್ಲಿ 15 ದಿನಗಳ ನಂತರವೂ ತೆರೆಯುತ್ತಿದ್ದವರು ಶೇ 3.9, ಒಂದು ತಿಂಗಳಾದ ಮೇಲೆ ಶೇ 3.3.

ಹಾಗಂತ ಆ್ಯಪ್‌ಗಳು ದಂಡ ಅಂತಲೂ ಅಲ್ಲ. 2024ರಲ್ಲಿ 176 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಖಿನ್ನತೆ ಮತ್ತು ಆತಂಕ ಎರಡರಲ್ಲೂ ಸ್ವಲ್ಪ ಪ್ರಯೋಜನ ಕಂಡುಬಂತು. ಸ್ವಲ್ಪ ಅಂದರೆ ಸ್ವಲ್ಪವೇ, ಪವಾಡ ಏನಿಲ್ಲ. ಆದರೆ ಸರಿಯಾಗಿ ಬಳಸಿದರೆ ಆ ಸ್ವಲ್ಪವೂ ಲೆಕ್ಕಕ್ಕೆ ಬರುತ್ತದೆ. ಅದರಲ್ಲೂ ಕಾಲೇಜಿನ ವಯಸ್ಸಿನಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಜೊತೆ ಸೇರಿ 8 ದೇಶಗಳ 19 ಕಾಲೇಜುಗಳಲ್ಲಿ ಮೊದಲ ವರ್ಷದ ಸುಮಾರು 14,000 ವಿದ್ಯಾರ್ಥಿಗಳನ್ನು ಕೇಳಿದ ಸಮೀಕ್ಷೆಯೊಂದು 2018ರಲ್ಲಿ ಹೊರಬಂತು. ಅವರಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಬದುಕಿನಲ್ಲಿ ಒಮ್ಮೆಯಾದರೂ ಮಾನಸಿಕ ತೊಂದರೆಯ ಲಕ್ಷಣ ಕಾಣಿಸಿಕೊಂಡಿತ್ತು. ನಿಮ್ಮ ಬೆಂಚಿನಲ್ಲಿ ಮೂವರು ಕೂತಿದ್ದರೆ ಲೆಕ್ಕ ಹಾಕಿಕೊಳ್ಳಿ.

ನಾನು ಹೇಳುವ ವಿಧಾನ ಇಷ್ಟೇ: ಒಂದು ತೊಂದರೆ, ಒಂದು ಆ್ಯಪ್, ಒಬ್ಬ ಮನುಷ್ಯ. ಎಲ್ಲವನ್ನೂ ಸರಿ ಮಾಡುವ ಆ್ಯಪ್ ಹುಡುಕುತ್ತಾ ಹೋದರೆ ಹುಡುಕಾಟವೇ ಮುಗಿಯುವುದಿಲ್ಲ.

ಆ್ಯಪ್ ಇಳಿಸುವ ಮೊದಲು: ಫೋನ್‌ನಲ್ಲಿ ಒಂದು ಸುರಕ್ಷತಾ ಪಟ್ಟಿ

ಬದುಕಿರುವುದೇ ಬೇಡ ಅನ್ನಿಸುತ್ತಿದೆಯಾ? ನಿಮಗೆ ನೀವೇ ನೋವು ಮಾಡಿಕೊಳ್ಳುವ ಯೋಚನೆ ಬರುತ್ತಿದೆಯಾ? ಬೇರೆ ಯಾರಿಗೂ ಕೇಳಿಸದ ದನಿ ನಿಮಗೆ ಕೇಳಿಸುತ್ತಿದೆಯಾ, ಅಥವಾ ದಿನಗಟ್ಟಲೆ ನಿದ್ದೆ ಇಲ್ಲದಿದ್ದರೂ ಮೈತುಂಬ ಹುರುಪು ಇದೆಯಾ? ಹಾಗಿದ್ದರೆ ಇದು ಆ್ಯಪ್‌ನ ಕೆಲಸ ಅಲ್ಲ. ಇಲ್ಲಿಗೇ ಓದುವುದನ್ನು ನಿಲ್ಲಿಸಿ ಸಹಾಯವಾಣಿಗೋ, ವೈದ್ಯರಿಗೋ, ಮನೆಯವರಿಗೋ, ಪಕ್ಕದ ರೂಮಿನ ಗೆಳೆಯನಿಗೋ ಈಗಲೇ ಹೇಳಿ. ಈ ಬರಹ ಎಲ್ಲೂ ಓಡಿಹೋಗುವುದಿಲ್ಲ.

ಇವತ್ತು ಹಾಗೇನೂ ಇಲ್ಲ ಅನ್ನುವವರು ಇವತ್ತೇ ಈ ಕೆಲಸ ಮಾಡಿಡಿ, ಯಾಕೆಂದರೆ ತಲೆ ಕೆಟ್ಟ ರಾತ್ರಿ ನಂಬರ್ ಹುಡುಕುವ ತಾಳ್ಮೆ ಯಾರಿಗೂ ಇರುವುದಿಲ್ಲ. ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ರೂಪಿಸಿದ ಸುರಕ್ಷತಾ ಯೋಜನೆಯಲ್ಲಿ ಆರು ಭಾಗಗಳಿವೆ. ನನಗೆ ಹದಗೆಡುತ್ತಿದೆ ಅನ್ನುವ ಸೂಚನೆಗಳು ಯಾವುವು. ಒಬ್ಬನೇ ಇದ್ದಾಗ ನಾನು ಏನು ಮಾಡಿಕೊಳ್ಳಬಹುದು. ಮನಸ್ಸು ಬೇರೆ ಕಡೆ ತಿರುಗಿಸುವ ಜನ ಮತ್ತು ಜಾಗ ಯಾವುದು. ಬಾಯಿಬಿಟ್ಟು ಸಹಾಯ ಕೇಳಬಹುದಾದವರು ಯಾರು. ವೈದ್ಯರು ಮತ್ತು ಸಹಾಯವಾಣಿಯ ನಂಬರ್. ಕೊನೆಗೆ, ಅಪಾಯ ತರುವ ವಸ್ತುಗಳು ಕೈಗೆ ಸಿಗದ ಹಾಗೆ ಮಾಡುವುದು. ಇದಕ್ಕೆಂದೇ ಉಚಿತ ಆ್ಯಪ್‌ಗಳಿವೆ, ಆದರೆ ಫೋನ್‌ನ ನೋಟ್ಸ್‌ನಲ್ಲಿ ಬರೆದು ಪಿನ್ ಮಾಡಿಟ್ಟರೂ ಸಾಕು. ಆರನೆಯದನ್ನು ಒಬ್ಬರೇ ಮಾಡಬೇಡಿ, ನಂಬಿಕೆಯವರ ಕೈಯಲ್ಲಿ ಮಾಡಿಸಿ.

ಜೊತೆಗೆ ಇನ್ನೊಂದು ಸಣ್ಣ ಕೆಲಸ. ರಾತ್ರಿ ಎಲ್ಲರ ಫೋನ್ 'ಡು ನಾಟ್ ಡಿಸ್ಟರ್ಬ್'ನಲ್ಲಿ ಇರುತ್ತದೆ. ನಾಲ್ಕನೇ ಸಾಲಿನಲ್ಲಿ ಹೆಸರು ಬರೆದವರ ಹತ್ತಿರ ಹೋಗಿ, ಅವರ ಫೋನ್‌ನಲ್ಲಿ ನಿಮ್ಮ ನಂಬರನ್ನು ಫೇವರಿಟ್ ಮಾಡಿಸಿ, ಆ ಸೆಟ್ಟಿಂಗ್‌ನಲ್ಲಿ ನಿಮ್ಮ ಕರೆಗೆ ವಿನಾಯಿತಿ ಕೊಡಿಸಿ. ಒಮ್ಮೆ ಕರೆ ಮಾಡಿ ರಿಂಗ್ ಆಗುತ್ತಾ ಅಂತ ನೋಡಿ. ಎರಡು ನಿಮಿಷದ ಕೆಲಸ, ಆದರೆ ನೆಪ ಇಟ್ಟುಕೊಂಡು ಅವರ ಜೊತೆ ಮಾತು ಶುರು ಮಾಡುವುದಕ್ಕೂ ಇದು ಒಳ್ಳೆಯ ದಾರಿ.

ಹಂತ 1: ತೊಂದರೆ ಯಾವುದು ಅಂತ ಒಂದೇ ಸಾಲಿನಲ್ಲಿ ಬರೆಯಿರಿ

'ಮನಸ್ಸು ಸರಿ ಇಲ್ಲ' ಅಂತ ಬರೆದರೆ ಅದರಿಂದ ಯಾವ ಆ್ಯಪ್ ಅನ್ನೂ ಆರಿಸಲಾಗುವುದಿಲ್ಲ. 'ಮೂರು ವಾರದಿಂದ ರಾತ್ರಿ ಎರಡರ ಮೊದಲು ನಿದ್ದೆ ಹತ್ತುತ್ತಿಲ್ಲ' ಅನ್ನಿ. 'ವೈವಾ ಅಂದ ಕೂಡಲೇ ಎದೆ ಹೊಡೆದುಕೊಳ್ಳುತ್ತದೆ, ಗೊತ್ತಿರುವ ಉತ್ತರವೂ ಬಾಯಿಗೆ ಬರಲ್ಲ' ಅನ್ನಿ. 'ಮೊದಲು ಇಷ್ಟವಾಗುತ್ತಿದ್ದದ್ದು ಯಾವುದೂ ಈಗ ಬೇಕು ಅನ್ನಿಸುತ್ತಿಲ್ಲ' ಅನ್ನಿ. ಇಂಥ ಸಾಲು ಸಿಕ್ಕಿತೆಂದರೆ ಅರ್ಧ ಕೆಲಸ ಆದ ಹಾಗೆ.

ಸಾಲು ಹೊಳೆಯದೇ ಇದ್ದರೆ ಎರಡು ಪ್ರಶ್ನಾವಳಿಗಳಿವೆ. ಒಂದು ಪಿಎಚ್‌ಕ್ಯೂ-9, ಖಿನ್ನತೆಗೆ. ಇನ್ನೊಂದು ಜಿಎಡಿ-7, ಆತಂಕಕ್ಕೆ. ಮೊದಲನೆಯದು 2001ರಿಂದ, ಎರಡನೆಯದು 2006ರಿಂದ ಬಳಕೆಯಲ್ಲಿವೆ, ವೈದ್ಯರೂ ಇವನ್ನೇ ಕೊಡುತ್ತಾರೆ. ಎರಡೂ ಕಳೆದ ಎರಡು ವಾರದ ಬಗ್ಗೆ ಕೇಳುತ್ತವೆ, ಎರಡೂ ಉಚಿತ. ಪ್ರತಿ ಪ್ರಶ್ನೆಗೆ 0ಯಿಂದ 3ರವರೆಗೆ ಅಂಕ. ಪಿಎಚ್‌ಕ್ಯೂ-9ರಲ್ಲಿ ಗರಿಷ್ಠ 27, ಜಿಎಡಿ-7ರಲ್ಲಿ 21. ಯಾವುದರಲ್ಲೇ ಆಗಲಿ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಆ್ಯಪ್ ಒಂದನ್ನೇ ನಂಬಿ ಕೂರಬೇಡಿ, ಕೌನ್ಸೆಲರ್ ಅಥವಾ ವೈದ್ಯರನ್ನು ಕಾಣಿ. ಪಿಎಚ್‌ಕ್ಯೂ-9ರ ಒಂಬತ್ತನೇ ಪ್ರಶ್ನೆ ಸಾಯುವ ಅಥವಾ ನೋವು ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಅದಕ್ಕೆ ನಿಮ್ಮ ಉತ್ತರ ಸೊನ್ನೆ ಅಲ್ಲದಿದ್ದರೆ ಒಟ್ಟು ಅಂಕ ಎಷ್ಟೇ ಇರಲಿ, ಮೇಲೆ ಹೇಳಿದ ಹಾಗೆ ಸಹಾಯವಾಣಿಗೋ, ವೈದ್ಯರಿಗೋ, ನಿಮ್ಮವರಿಗೋ ಈಗಲೇ ಕರೆ ಮಾಡಿ.

ಈ ಅಂಕ ರೋಗದ ಸರ್ಟಿಫಿಕೇಟ್ ಅಲ್ಲ. ಪರೀಕ್ಷೆಯ ವಾರದಲ್ಲಿ ತುಂಬಿದರೆ ಯಾರಿಗಾದರೂ ಜಾಸ್ತಿಯೇ ಬರುತ್ತದೆ. ಥೈರಾಯ್ಡ್ ಕಡಿಮೆ ಇದ್ದರೂ, ರಕ್ತಹೀನತೆ ಇದ್ದರೂ ಸುಸ್ತು, ಮಂಕು ಬರುತ್ತದೆ, ಅದಕ್ಕೆ ಯಾವ ಆ್ಯಪ್ ಏನು ಮಾಡೀತು? ಸುಸ್ತು ವಾರಗಟ್ಟಲೆ ಬಿಡದಿದ್ದರೆ ಒಂದು ರಕ್ತಪರೀಕ್ಷೆ ಮಾಡಿಸಿ. ಇವತ್ತಿನ ಅಂಕವನ್ನು ತಾರೀಖು ಸಮೇತ ಬರೆದಿಡಿ, ನಾಲ್ಕು ವಾರದ ನಂತರ ಬೇಕಾಗುತ್ತದೆ.

ಹಂತ 2: ತೊಂದರೆಗೆ ತಕ್ಕ ಆ್ಯಪ್

ನಿದ್ದೆಯಿಂದ ಶುರು ಮಾಡೋಣ, ಯಾಕೆಂದರೆ ಏನು ಮಾಡಬೇಕು ಗೊತ್ತಾಗದವರಿಗೆ ನಾನು ಹೇಳುವುದು ಇದನ್ನೇ. ನಿದ್ದೆ ಸರಿಹೋದರೆ ಉಳಿದದ್ದು ಸ್ವಲ್ಪ ಹಗುರಾಗುತ್ತದೆ. ದೊಡ್ಡವರಿಗೆ ರಾತ್ರಿ 7 ಗಂಟೆಯಾದರೂ ನಿದ್ದೆ ಬೇಕು ಅನ್ನುವುದು ನಿದ್ರಾತಜ್ಞರ ಮಾತು. ಇಲ್ಲಿ ಹೆಚ್ಚಿನವರು ಎಡವುವುದು ಸ್ಲೀಪ್ ಟ್ರ್ಯಾಕರ್ ಹಾಕಿಕೊಂಡು. ಅದು ಮೈಯ ಅಲುಗಾಟ, ಎದೆಬಡಿತ ನೋಡಿ 'ಗಾಢ ನಿದ್ದೆ 42 ನಿಮಿಷ' ಅಂತ ಅಂದಾಜು ಹೇಳುತ್ತದೆ, ನೀವು ಅದನ್ನು ವೇದವಾಕ್ಯ ಅಂದುಕೊಂಡು ಮರುದಿನ ಪೂರ್ತಿ ಚಿಂತೆ ಮಾಡುತ್ತೀರಿ, ಆ ಚಿಂತೆಗೆ ಮತ್ತೆ ನಿದ್ದೆ ಹೋಗುತ್ತದೆ. ಟ್ರ್ಯಾಕರ್‌ನ ಅಂಕಿಯ ಹಿಂದೆ ಬಿದ್ದು ನಿದ್ದೆ ಕೆಡಿಸಿಕೊಳ್ಳುವ ಈ ಸ್ಥಿತಿಗೆ 2017ರಲ್ಲಿ ಸಂಶೋಧಕರು ಆರ್ಥೊಸಾಮ್ನಿಯಾ ಅಂತ ಹೆಸರನ್ನೇ ಇಟ್ಟರು. ಬೇಕಾಗಿರುವುದು ಸ್ಲೀಪ್ ಡೈರಿ ಇರುವ ಆ್ಯಪ್: ಮಲಗಿದ್ದು ಎಷ್ಟಕ್ಕೆ, ಎದ್ದದ್ದು ಎಷ್ಟಕ್ಕೆ, ಮಧ್ಯೆ ಎಷ್ಟು ಸಲ ಎಚ್ಚರ. ಅಮೆರಿಕದ ಮಾಜಿ ಸೈನಿಕರ ಇಲಾಖೆ ಮಾಡಿರುವ ಇನ್ಸಾಮ್ನಿಯಾ ಕೋಚ್ ಇಂಥದ್ದು, ಉಚಿತ. ಅದರ ಹಿಂದಿರುವ ಸೂತ್ರಗಳು ಸರಳ. ಏಳುವ ಹೊತ್ತು ಭಾನುವಾರವೂ ಒಂದೇ ಇರಲಿ. ಸುಮಾರು ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಹಾಸಿಗೆ ಬಿಟ್ಟು ಏಳಿ, ಕಣ್ಣು ಎಳೆದಾಗ ಮತ್ತೆ ಬನ್ನಿ. ಹಾಸಿಗೆ ಮೇಲೆ ಓದು ಬೇಡ, ರೀಲ್ಸ್ ಬೇಡ. ಹಾಸ್ಟೆಲ್ ರೂಮಿನಲ್ಲಿ ಹಾಸಿಗೆಯೇ ಮೇಜು ಆಗಿರುವವರಿಗೆ ಇದು ಕಷ್ಟ, ಗೊತ್ತು. ಕನಿಷ್ಠ ಓದುವಾಗ ತಲೆದಿಂಬು ತೆಗೆದು ಕಾಲ ಕಡೆ ಮುಖ ಮಾಡಿ ಕೂತು, ಮಲಗುವಾಗ ದಿಕ್ಕು ಬದಲಿಸಿ.

ಎದೆ ಹೊಡೆದುಕೊಳ್ಳುವ ಆತಂಕಕ್ಕೆ ಉಸಿರಾಟದ ಆ್ಯಪ್ ಸಾಕು. ಉಸಿರು ಬಿಡುವ ಹೊತ್ತು ತೆಗೆದುಕೊಳ್ಳುವ ಹೊತ್ತಿಗಿಂತ ಉದ್ದ ಇರಬೇಕು, ಆಗ ಎದೆಬಡಿತ ನಿಧಾನವಾಗುತ್ತದೆ. ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ. ಇನ್ನೊಂದು ಬಗೆ: ಮೂಗಿನಿಂದ ಉಸಿರು ತುಂಬಿಕೊಂಡು, ಅದರ ಮೇಲೆ ಇನ್ನೊಂದು ಚಿಕ್ಕ ಉಸಿರು ಎಳೆದು, ಆಮೇಲೆ ಬಾಯಿಯಿಂದ ನಿಧಾನವಾಗಿ ಪೂರ್ತಿ ಬಿಡುವುದು. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದನ್ನು ದಿನಕ್ಕೆ 5 ನಿಮಿಷದಂತೆ ಒಂದು ತಿಂಗಳು ಮಾಡಿದವರ ಮನಸ್ಥಿತಿ, ಅಷ್ಟೇ ಹೊತ್ತು ಧ್ಯಾನ ಮಾಡಿದವರಿಗಿಂತ ಹೆಚ್ಚು ಸುಧಾರಿಸಿತ್ತು. ಒಂದು ಮಾತು ನೆನಪಿಡಿ. ಆತಂಕ ಬಂದಾಗಲೇ ಆ್ಯಪ್ ತೆರೆದು ಕಲಿಯುತ್ತೇನೆ ಅಂದರೆ ಆಗುವುದಿಲ್ಲ. ಆರಾಮಾಗಿರುವಾಗ ಕಲಿತಿದ್ದರೆ ವೈವಾ ಬಾಗಿಲಲ್ಲಿ ಫೋನ್ ಇಲ್ಲದೆಯೂ ಕೈಗೆ ಬರುತ್ತದೆ.

ಯಾವುದರಲ್ಲೂ ಆಸಕ್ತಿ ಇಲ್ಲ ಅನ್ನುವವರಿಗೆ ಮೂಡ್ ಬರಲಿ ಅಂತ ಕಾಯುವುದು ಕೆಲಸ ಮಾಡುವುದಿಲ್ಲ. ಮೊದಲು ಕೆಲಸ, ಆಮೇಲೆ ಮೂಡ್. 1970ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಪೀಟರ್ ಲೆವಿನ್‌ಸನ್ ಅವರ ಕೆಲಸದಿಂದ ಬೆಳೆದ ಬಿಹೇವಿಯರಲ್ ಆ್ಯಕ್ಟಿವೇಶನ್ ಎಂಬ ವಿಧಾನದ ತಿರುಳು ಇದೇ. ನಾಳೆಗೆ ಎರಡು ತೀರಾ ಸಣ್ಣ ಕೆಲಸ ಹಾಕಿಕೊಳ್ಳಿ, ಸ್ನಾನ ಮಾಡಿ ಹೊರಗೆ ಹತ್ತು ನಿಮಿಷ ನಡೆಯುವುದು ಅನ್ನುವಷ್ಟು ಸಣ್ಣದು. ಮಾಡುವ ಮೊದಲು ಎಷ್ಟು ಖುಷಿ ಸಿಗಬಹುದು ಅಂತ 10ಕ್ಕೆ ಅಂಕ ಹಾಕಿ, ಮಾಡಿದ ಮೇಲೆ ಎಷ್ಟು ಸಿಕ್ಕಿತು ಅಂತ ಇನ್ನೊಂದು. ಮನಸ್ಸು ಮುದುಡಿದಾಗ ಮೊದಲ ಅಂಕ ಯಾವಾಗಲೂ ಕಡಿಮೆಯೇ ಇರುತ್ತದೆ, ಎರಡನೆಯದು ಹಲವು ಸಲ ಅದಕ್ಕಿಂತ ಜಾಸ್ತಿ. ಇದಕ್ಕೆ ವಿಶೇಷ ಆ್ಯಪ್ ಬೇಡ, ಫೋನ್‌ನ ಕ್ಯಾಲೆಂಡರ್ ಸಾಕು. ಚಿಕ್ಕ ಕೆಲಸ ಮಾಡಿದಾಗ ಒಂದು ಮರಿಹಕ್ಕಿ ಬೆಳೆಯುವ ಫಿಂಚ್ ಎಂಬ ಆ್ಯಪ್ ಇದೆ, ಮಕ್ಕಳಾಟ ಅನ್ನಿಸಿದರೂ ಕೆಲವರಿಗೆ ಅದೇ ಹಿಡಿಸುತ್ತದೆ.

ಧ್ಯಾನಕ್ಕೆ ಹೆಡ್‌ಸ್ಪೇಸ್, ಕಾಮ್ ಹೆಸರು ಎಲ್ಲರಿಗೂ ಗೊತ್ತು. ಅವುಗಳಲ್ಲಿ ಹೆಚ್ಚಿನ ಭಾಗಕ್ಕೆ ಹಣ ಕೊಡಬೇಕು. ಲಾಭಕ್ಕಲ್ಲದ ಸಂಸ್ಥೆ ನಡೆಸುವ ಮೆಡಿಟೊ ಉಚಿತ, ಅಲ್ಲಿಂದಲೇ ಶುರು ಮಾಡಿ. ಕಣ್ಣು ಮುಚ್ಚಿ ಕೂತ ಕೂಡಲೇ ಹಳೆಯ ಕಹಿ ಘಟನೆಗಳು ನುಗ್ಗಿ ಬರುತ್ತವೆ ಅನ್ನುವವರು ಹಠ ಮಾಡಬೇಡಿ. ಕಣ್ಣು ತೆರೆದು ಮಾಡಿ, ಇಲ್ಲವೇ ನಡೆಯುತ್ತಾ ಮಾಡಿ, ಅದೂ ಆಗದಿದ್ದರೆ ಬಿಟ್ಟುಬಿಡಿ. ಧ್ಯಾನ ಎಲ್ಲರಿಗೂ ಒಗ್ಗಲೇಬೇಕು ಅಂತೇನಿಲ್ಲ.

ಓದಲು ಕೂತರೆ ಗಮನ ನಿಲ್ಲಲ್ಲ ಅನ್ನುವುದಕ್ಕೆ ಟೈಮರ್ ಸಾಕು: 25 ನಿಮಿಷ ಓದು, 5 ನಿಮಿಷ ಬಿಡುವು. ಹೊಸ ಆ್ಯಪ್ ಇಳಿಸುವ ಬದಲು ಫೋನ್‌ನಲ್ಲೇ ಇರುವ ಡಿಜಿಟಲ್ ವೆಲ್‌ಬೀಯಿಂಗ್ ಅಥವಾ ಸ್ಕ್ರೀನ್ ಟೈಮ್‌ನಲ್ಲಿ ಎರಡು ದೊಡ್ಡ ಸಮಯಗಳ್ಳ ಆ್ಯಪ್‌ಗಳಿಗೆ ಮಿತಿ ಹಾಕಿ.

ಹಂತ 3: ಒಳಗೆ ಬಿಡುವ ಮೊದಲು ವಿಚಾರಿಸಿ

ನಿಮ್ಮ ಅಳು, ಔಷಧ, ಜಗಳ, ಪ್ರೀತಿ ಎಲ್ಲ ಹೋಗಿ ಕೂರುವ ಜಾಗ ಇದು. ಸ್ವಲ್ಪ ಅನುಮಾನದಿಂದಲೇ ನೋಡಿ. 2022ರಲ್ಲಿ ಮೊಜಿಲ್ಲಾ ಸಂಸ್ಥೆ ಮಾನಸಿಕ ಆರೋಗ್ಯ ಮತ್ತು ಪ್ರಾರ್ಥನೆಯ 32 ಆ್ಯಪ್‌ಗಳ ಖಾಸಗಿತನ ಪರಿಶೀಲಿಸಿದಾಗ 28ಕ್ಕೆ ಎಚ್ಚರಿಕೆಯ ಗುರುತು ಹಾಕಬೇಕಾಯಿತು. ಆನ್‌ಲೈನ್ ಥೆರಪಿಯ ದೊಡ್ಡ ಹೆಸರು ಬೆಟರ್‌ಹೆಲ್ಪ್, ಬಳಕೆದಾರರ ಸೂಕ್ಷ್ಮ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್, ಸ್ನ್ಯಾಪ್‌ಚಾಟ್‌ನಂಥ ಕಂಪನಿಗಳ ಜೊತೆ ಹಂಚಿಕೊಂಡಿತು ಎಂಬ ಆರೋಪದ ಮೇಲೆ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಜೊತೆ 2023ರಲ್ಲಿ 78 ಲಕ್ಷ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಇನ್ನೂ ಕೆಟ್ಟದ್ದು ಫಿನ್ಲೆಂಡ್‌ನ ವಾಸ್ತಾಮೊ ಪ್ರಕರಣ. ಆ ಮನೋಚಿಕಿತ್ಸಾ ಸಂಸ್ಥೆಯ ಹತ್ತಾರು ಸಾವಿರ ರೋಗಿಗಳ ದಾಖಲೆ ಕಳುವಾಗಿ, 2020ರಲ್ಲಿ ಕಳ್ಳ ನೇರವಾಗಿ ರೋಗಿಗಳಿಗೇ ಮೇಲ್ ಕಳಿಸಿ, ದುಡ್ಡು ಕೊಡದಿದ್ದರೆ ಥೆರಪಿಯಲ್ಲಿ ಹೇಳಿಕೊಂಡದ್ದನ್ನೆಲ್ಲ ಬಯಲು ಮಾಡುತ್ತೇನೆ ಅಂತ ಹೆದರಿಸಿದ.

ಹಾಗಾಗಿ ಇಳಿಸುವ ಬಟನ್ ಒತ್ತುವ ಮೊದಲು ಹತ್ತು ನಿಮಿಷ ಕೊಡಿ. ಪ್ಲೇ ಸ್ಟೋರ್‌ನಲ್ಲಿ 'ಡೇಟಾ ಸೇಫ್ಟಿ', ಆ್ಯಪಲ್‌ನಲ್ಲಿ 'ಆ್ಯಪ್ ಪ್ರೈವಸಿ' ಅಂತ ಇರುತ್ತದೆ. ಅದನ್ನು ಕಂಪನಿಯವರೇ ತುಂಬಿರುತ್ತಾರೆ, ಆದ್ದರಿಂದ ಅದರಲ್ಲಿ ಒಳ್ಳೆಯದು ಬರೆದಿದ್ದರೆ ಪೂರ್ತಿ ನಂಬಬೇಡಿ, ಕೆಟ್ಟದ್ದು ಬರೆದಿದ್ದರೆ ಪೂರ್ತಿ ನಂಬಿ. ಯಾರು ಮಾಡಿದ್ದು ನೋಡಿ: ವಿಶ್ವವಿದ್ಯಾಲಯವಾ, ಆಸ್ಪತ್ರೆಯಾ, ಹೆಸರೇ ಇಲ್ಲದವರಾ. ಕೊನೆಯ ಅಪ್‌ಡೇಟ್ ಆಗಿ ಒಂದು ವರ್ಷ ದಾಟಿದ್ದರೆ ಬೇಡ. ಅಕೌಂಟ್ ಮಾಡದೇ ಬಳಸಬಹುದಾ? ಬಹುದು ಅನ್ನುವ ಆ್ಯಪ್‌ಗೆ ನನ್ನ ಮೊದಲ ಮತ. ಉಸಿರಾಟದ ಆ್ಯಪ್ ಕಾಂಟ್ಯಾಕ್ಟ್ಸ್ ಮತ್ತು ಲೊಕೇಶನ್ ಕೇಳಿದರೆ ಅದಕ್ಕೆ ಯಾಕೆ ಬೇಕು ಹೇಳಿ? ಬೇಡ ಅನ್ನಿ. ಸ್ಟಾರ್ ರೇಟಿಂಗ್ ನೋಡಿ ಮರುಳಾಗಬೇಡಿ, ಒಂದು ಸ್ಟಾರ್ ಕೊಟ್ಟವರು ಬರೆದದ್ದನ್ನು ಓದಿ. ದುಡ್ಡು ಕಟ್ ಆದದ್ದು, ಬರೆದದ್ದೆಲ್ಲ ಅಳಿಸಿಹೋದದ್ದು ಅಲ್ಲೇ ಸಿಗುತ್ತದೆ.

ಕಾಲೇಜಿನ ಇಮೇಲ್‌ನಿಂದ ಲಾಗಿನ್ ಆಗಬೇಡಿ. ಅದು ಕಾಲೇಜಿನದು, ಓದು ಮುಗಿದ ಮೇಲೆ ಬಂದ್ ಆಗಬಹುದು, ಅಕೌಂಟ್ ಕೈ ತಪ್ಪುತ್ತದೆ. ಆದರೆ ಕಾಲೇಜೇ ಯಾವುದಾದರೂ ಆ್ಯಪ್‌ನ ಚಂದಾ ವಿದ್ಯಾರ್ಥಿಗಳಿಗೆ ಕೊಟ್ಟಿದೆಯಾ ಅಂತ ಮಾತ್ರ ವಿಚಾರಿಸಿ. ಕೊಟ್ಟಿದ್ದರೆ, ನಾವು ಬರೆದದ್ದರಲ್ಲಿ ಯಾವುದು ಕಾಲೇಜಿಗೆ ಕಾಣಿಸುತ್ತದೆ ಅನ್ನುವ ಪ್ರಶ್ನೆಗೆ ಲಿಖಿತ ಉತ್ತರ ಕೇಳಿ.

ಹಂತ 4: ಮೊದಲ ದಿನದ ಸೆಟ್ಟಿಂಗ್

ಆ್ಯಪ್‌ಗೆ ಪಿನ್ ಅಥವಾ ಬೆರಳಚ್ಚಿನ ಲಾಕ್ ಹಾಕಿ. ಲಾಕ್ ಸ್ಕ್ರೀನ್ ಮೇಲೆ ನೋಟಿಫಿಕೇಶನ್‌ನ ಒಳಗಿನ ಮಾತು ಕಾಣದಂತೆ ಮಾಡಿ, ಕ್ಲಾಸಿನಲ್ಲಿ ಪಕ್ಕದವರು 'ಇವತ್ತು ನಿಮ್ಮ ದುಃಖ ಹೇಗಿದೆ?' ಅಂತ ಓದುವುದು ಬೇಡ. ಒಂದೇ ಒಂದು ನೆನಪೋಲೆ ಇಟ್ಟುಕೊಂಡು ಉಳಿದ ನೋಟಿಫಿಕೇಶನ್ ಎಲ್ಲ ಆಫ್ ಮಾಡಿ.

ಆ ನೆನಪೋಲೆಯನ್ನು ಗಡಿಯಾರಕ್ಕೆ ಕಟ್ಟುವುದಕ್ಕಿಂತ ದಿನಾ ಹೇಗೂ ಮಾಡುವ ಕೆಲಸಕ್ಕೆ ಕಟ್ಟಿದರೆ ಉಳಿಯುತ್ತದೆ. 'ರಾತ್ರಿ ಹಲ್ಲುಜ್ಜಿ ಬಂದು ಫೋನ್ ಚಾರ್ಜ್‌ಗೆ ಹಾಕುವ ಮೊದಲು ಎರಡು ಸಾಲು ಬರೆಯುತ್ತೇನೆ' ಅನ್ನುವಂತೆ. ಅಭ್ಯಾಸ 21 ದಿನದಲ್ಲಿ ಕೂಡಿಬರುತ್ತದೆ ಅನ್ನುವ ಮಾತು ಎಲ್ಲೆಡೆ ಓಡಾಡುತ್ತದೆ, ನಂಬಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಸರಾಸರಿ 66 ದಿನ ಬೇಕಾಯಿತು, ಒಬ್ಬೊಬ್ಬರಿಗೆ 18ರಿಂದ 254ರವರೆಗೆ. ನಡುವೆ ಒಂದು ದಿನ ತಪ್ಪಿದ್ದರಿಂದ ದೊಡ್ಡ ನಷ್ಟವೇನೂ ಆಗಲಿಲ್ಲ. ಅದಕ್ಕೇ ನನಗೆ ಈ 'ಸ್ಟ್ರೀಕ್' ಲೆಕ್ಕ, ಅಂದರೆ ಒಂದು ದಿನವೂ ತಪ್ಪದೆ ಎಷ್ಟು ದಿನ ಬಳಸಿದಿರಿ ಅನ್ನುವ ಎಣಿಕೆ, ಕಂಡರೆ ಆಗುವುದಿಲ್ಲ. ಜ್ವರ ಬಂದು ಒಂದು ದಿನ ಬಿಟ್ಟವರಿಗೆ 'ನಿಮ್ಮ 40 ದಿನ ಹೋಯಿತು' ಅಂತ ಕೆಂಪು ಅಕ್ಷರದಲ್ಲಿ ತೋರಿಸುವುದು ಯಾವ ಸೀಮೆಯ ಆರೈಕೆ? ಆಫ್ ಮಾಡಲು ಆಗುತ್ತಿದ್ದರೆ ಮಾಡಿ.

ಹಂತ 5: ಬರೆಯುವುದು ಹೇಗೆ

ಹೆಚ್ಚಿನವರು ತಪ್ಪು ಮಾಡುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. ಮೂಡ್ ಟ್ರ್ಯಾಕರ್‌ನಲ್ಲಿ ಬರೀ ಅಳುವ ಮುಖದ ಇಮೋಜಿ ಒತ್ತಿ ಬಿಟ್ಟರೆ ತಿಂಗಳ ಕೊನೆಗೆ ನಿಮಗೆ ಸಿಗುವುದು ಒಂದಷ್ಟು ಅಳುವ ಮುಖಗಳು, ಅಷ್ಟೇ. ಹೀಗೆ ಬರೆಯಿರಿ:

'ಬುಧವಾರ ಸಂಜೆ 6. ಮೂಡ್ 10ಕ್ಕೆ 3. ಸಿಡುಕು. ನಿನ್ನೆ ನಿದ್ದೆ 4 ಗಂಟೆ. ಮಧ್ಯಾಹ್ನ ಊಟ ಇಲ್ಲ. ಲ್ಯಾಬ್‌ನಿಂದ ಬಂದೆ, ಯಾರ ಹತ್ತಿರವೂ ಮಾತಾಡಿಲ್ಲ.'

ಇಷ್ಟಕ್ಕೆ ಒಂದು ನಿಮಿಷವೂ ಬೇಡ. ಎರಡು ವಾರ ಆದ ಮೇಲೆ 4ಕ್ಕಿಂತ ಕಡಿಮೆ ಇರುವ ದಿನಗಳನ್ನು ಮಾತ್ರ ತೆಗೆದು ಓದಿ. ಬುಧವಾರವೇ ಮತ್ತೆ ಮತ್ತೆ ಬರುತ್ತಿದೆಯಾ, ಊಟ ಬಿಟ್ಟ ದಿನವಾ, ಮನೆಗೆ ಫೋನ್ ಮಾಡಿದ ದಿನವಾ? ಲ್ಯಾಬ್ ದಿನ ಊಟ ತಪ್ಪುತ್ತಿದೆ ಅಂತ ಗೊತ್ತಾದರೆ ಮಾಡಬೇಕಾದದ್ದು ಧ್ಯಾನ ಅಲ್ಲ, ಬ್ಯಾಗಿನಲ್ಲಿ ತಿನ್ನಲು ಏನಾದರೂ ಇಟ್ಟುಕೊಳ್ಳುವುದು. ಡೇಲಿಯೊ ಆ್ಯಪ್‌ನಲ್ಲಿ ಇಂಥ ಗುರುತುಗಳನ್ನು ನಾವೇ ಮಾಡಿಕೊಳ್ಳಬಹುದು. ಹೌ ವಿ ಫೀಲ್ ಎನ್ನುವುದು ಉಚಿತ ಆ್ಯಪ್, ಅದರಲ್ಲಿ ಭಾವನೆಗಳ ದೊಡ್ಡ ಪಟ್ಟಿಯೇ ಇದೆ. ಇವುಗಳ ಮೆನು ಇಂಗ್ಲಿಷಿನಲ್ಲಿದ್ದರೆ ಇರಲಿ, ನೋಟ್ ಬರೆಯುವ ಜಾಗದಲ್ಲಿ ಕನ್ನಡದಲ್ಲೇ ಬರೆಯಿರಿ, ಟೈಪ್ ಮಾಡುವುದು ಕಷ್ಟವಾದರೆ ಮಾತಾಡಿ ಬರೆಸಿ. ಅಳು ಬಂದಾಗ ವ್ಯಾಕರಣ ನೋಡಿಕೊಂಡು ಕೂರಲು ಆಗುತ್ತಾ?

ಒಂದೇ ಯೋಚನೆ ತಲೆಯಲ್ಲಿ ಗಿರಕಿ ಹೊಡೆಯುತ್ತಿದ್ದರೆ ಮೂಡ್ ಬರೆಯುವುದು ಸಾಲದು, ಆ ಯೋಚನೆಯನ್ನೇ ಕಟಕಟೆಗೆ ತರಬೇಕು. ಮನೋವೈದ್ಯ ಏರನ್ ಬೆಕ್ 1960ರ ದಶಕದಲ್ಲಿ ಶುರು ಮಾಡಿದ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ಬದಲಿಸಿಕೊಳ್ಳುವ) ಚಿಕಿತ್ಸೆಯಲ್ಲಿ ಇದಕ್ಕೆ 'ಥಾಟ್ ರೆಕಾರ್ಡ್' ಅನ್ನುತ್ತಾರೆ, ಬಹಳಷ್ಟು ಆ್ಯಪ್‌ಗಳಲ್ಲಿ ಇದೆ. ಒಂದು ಉದಾಹರಣೆ. ನಡೆದದ್ದು: ನಾನು ಸೆಮಿನಾರ್ ಕೊಡುವಾಗ ಹಿಂದಿನ ಬೆಂಚಿನ ಇಬ್ಬರು ನಕ್ಕರು. ಬಂದ ಯೋಚನೆ: ನನ್ನನ್ನು ನೋಡಿಯೇ ನಕ್ಕಿದ್ದು, ನಾನು ದಡ್ಡ ಅಂತ ಎಲ್ಲರಿಗೂ ಗೊತ್ತಾಯಿತು. ಎಷ್ಟು ನಂಬುತ್ತೇನೆ: ನೂರಕ್ಕೆ 90. ಹೌದು ಅನ್ನುವುದಕ್ಕೆ ಸಾಕ್ಷಿ: ಮೊದಲ ಎರಡು ಸ್ಲೈಡ್‌ನಲ್ಲಿ ತಡವರಿಸಿದೆ. ಅಲ್ಲ ಅನ್ನುವುದಕ್ಕೆ ಸಾಕ್ಷಿ: ಅವರು ನೋಡುತ್ತಿದ್ದದ್ದು ಫೋನ್ ಕಡೆ; ಮೇಡಂ ಕೇಳಿದ ಎರಡೂ ಪ್ರಶ್ನೆಗೆ ಉತ್ತರ ಕೊಟ್ಟೆ. ಈಗ ಏನನ್ನಿಸುತ್ತದೆ: ಯಾಕೆ ನಕ್ಕರೋ ನನಗೆ ಗೊತ್ತಿಲ್ಲ, ಶುರುವಿನಲ್ಲಿ ಹೆದರಿದ್ದು ನಿಜ, ಆಮೇಲೆ ಸುಧಾರಿಸಿಕೊಂಡೆ. ಹಳೆಯ ಯೋಚನೆಯನ್ನು ಈಗ ನಂಬುವುದು: 50.

50ಕ್ಕೆ ಬಂದರೆ ಸಾಕು, ಸೊನ್ನೆ ಆಗಬೇಕಿಲ್ಲ. 'ನಾನು ತುಂಬಾ ಬುದ್ಧಿವಂತ, ಎಲ್ಲರೂ ನನ್ನನ್ನು ಮೆಚ್ಚುತ್ತಾರೆ' ಅಂತ ಬರೆದರೆ ನಿಮ್ಮ ಮನಸ್ಸೇ ನಂಬಲ್ಲ. ಸಾಕ್ಷಿಯ ಸಾಲುಗಳಲ್ಲಿ ಭಾವನೆ ಬರೆಯಬೇಡಿ, ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು ಮಾತ್ರ.

ಮನಸ್ಸಿನಲ್ಲಿರುವುದನ್ನೆಲ್ಲ ಪುಟಗಟ್ಟಲೆ ಕಕ್ಕುವುದಕ್ಕೂ ಒಂದು ಜಾಗ ಇದೆ. ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಕಾಲೇಜು ವಿದ್ಯಾರ್ಥಿಗಳ ಕೈಯಲ್ಲಿ ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ತಮ್ಮ ನೋವಿನ ಬಗ್ಗೆ ಬರೆಸಿದರು. ಬರೆದ ಕೂಡಲೇ ಅವರಿಗೆ ಬೇಜಾರು ಹೆಚ್ಚೇ ಆಗಿತ್ತು, ಪ್ರಯೋಜನ ಕಂಡದ್ದು ಮುಂದಿನ ತಿಂಗಳುಗಳಲ್ಲಿ. ಆದ್ದರಿಂದ ಟೈಮರ್ ಇಟ್ಟು ಬರೆಯಿರಿ, ಮಲಗುವ ಮುಂಚೆ ಬೇಡ, ಮರುದಿನ ಪರೀಕ್ಷೆ ಇದ್ದರಂತೂ ಬೇಡವೇ ಬೇಡ.

ಹಂತ 6: ಚಾಟ್‌ಬಾಟ್ ಜೊತೆ ಮಾತಾಡುವವರಿಗೆ

ಬೇಡ ಅಂದರೆ ಯಾರೂ ಕೇಳುವುದಿಲ್ಲ, ಹಾಗಾಗಿ ಹೇಗೆ ಅಂತ ಹೇಳುತ್ತೇನೆ. ಇದು ಹೊಸ ಚಾಳಿಯೂ ಅಲ್ಲ. 1966ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೋಸೆಫ್ ವೈಜೆನ್‌ಬಾಮ್ ಎಲೈಜಾ ಎಂಬ ಪ್ರೋಗ್ರಾಮ್ ಬರೆದರು. ನೀವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುವುದು ಬಿಟ್ಟರೆ ಅದಕ್ಕೆ ಇನ್ನೇನೂ ಬರುತ್ತಿರಲಿಲ್ಲ, ಆದರೂ ಜನ ಅದರ ಮುಂದೆ ಮನಸ್ಸು ಬಿಚ್ಚಿದರು. ವೋಬಾಟ್ ಎಂಬ ಚಾಟ್‌ಬಾಟ್‌ನ 2017ರ ಪ್ರಯೋಗದಲ್ಲಿ 70 ಯುವಜನರಿದ್ದರು. ಎರಡು ವಾರ ಅದರ ಜೊತೆ ಮಾತಾಡಿದವರ ಖಿನ್ನತೆಯ ಅಂಕ, ಬರೀ ಓದಲು ಪುಸ್ತಕ ಕೊಟ್ಟವರಿಗಿಂತ ಹೆಚ್ಚು ಇಳಿಯಿತು. ಅದೇ ವೋಬಾಟ್ ಆ್ಯಪ್ 2025ರ ಜೂನ್ 30ಕ್ಕೆ ಬಾಗಿಲು ಹಾಕಿತು. ಒಂದು ಕಂಪನಿಯ ಆ್ಯಪ್ ಮೇಲೆ ಪೂರ್ತಿ ಒರಗಿಕೊಂಡವರಿಗೆ ಆಗುವುದು ಹೀಗೆ.

ಅದು ಮಾನಸಿಕ ಆರೋಗ್ಯಕ್ಕೆಂದೇ ಮಾಡಿದ ಬಾಟ್. ಈಗ ಹೆಚ್ಚಿನವರು ಮಾತಾಡುವುದು ಸಾಮಾನ್ಯ ಎಐ ಚಾಟ್ ಜೊತೆ, ಅದರ ಸ್ವಭಾವವೇ ನೀವು ಹೇಳಿದ್ದಕ್ಕೆ ಹೂಂ ಅನ್ನುವುದು. ರೂಮ್‌ಮೇಟ್ ಜೊತೆ ಜಗಳ ಆಗಿ ನಿಮ್ಮ ಕಡೆಯ ಕಥೆ ಮಾತ್ರ ಹೇಳಿದರೆ ಅದು ನಿಮ್ಮ ವಕೀಲನಾಗಿಬಿಡುತ್ತದೆ. 'ಅವನ ಜಾಗದಲ್ಲಿ ನಿಂತು ಇದನ್ನು ಹೇಳು' ಅಂತ ಕೇಳಿ ನೋಡಿ, ಉಪಯೋಗ ಆಗುತ್ತದೆ. ನಾಳೆ ಕೌನ್ಸೆಲರ್ ಹತ್ತಿರ ಏನು ಹೇಳಬೇಕು ಅಂತ ಪಟ್ಟಿ ಮಾಡಿಸಿಕೊಳ್ಳಿ, ಅದೂ ಒಳ್ಳೆಯ ಬಳಕೆ. ನಿಮ್ಮ, ಬೇರೆಯವರ ನಿಜ ಹೆಸರು ಹಾಕಬೇಡಿ. ಮಾತ್ರೆ ನಿಲ್ಲಿಸುವ, ಹೆಚ್ಚಿಸುವ ಸಲಹೆ ಕೇಳಬೇಡಿ. ಸಾಯುವ ಯೋಚನೆ ಬಂದ ರಾತ್ರಿ ಅದರ ಜೊತೆ ಒಬ್ಬರೇ ಕೂರಬೇಡಿ. ಅದಕ್ಕೆ ಎದ್ದು ನಿಮ್ಮ ರೂಮಿಗೆ ಬರಲು ಆಗುವುದಿಲ್ಲ.

ಹಂತ 7: ಬರೆದದ್ದನ್ನು ಒಬ್ಬರಿಗೆ ತೋರಿಸಿ

ನನ್ನ ಮಟ್ಟಿಗೆ ಆ್ಯಪ್‌ನ ಅತಿ ದೊಡ್ಡ ಉಪಯೋಗ ಇಲ್ಲಿದೆ. ಕೌನ್ಸೆಲರ್ ಮುಂದೆ ಕೂತಾಗ ನಾಲಿಗೆ ಏಳುವುದಿಲ್ಲ, 'ಏನಿಲ್ಲ ಮೇಡಂ, ಸ್ವಲ್ಪ ಟೆನ್ಶನ್' ಅಂದು ಎದ್ದು ಬಂದುಬಿಡುತ್ತೇವೆ. ಬಹಳಷ್ಟು ಟ್ರ್ಯಾಕರ್‌ಗಳಲ್ಲಿ 'ಎಕ್ಸ್‌ಪೋರ್ಟ್' ಇರುತ್ತದೆ, ಇಲ್ಲದಿದ್ದರೆ ಸ್ಕ್ರೀನ್‌ಶಾಟ್ ಸಾಕು. ಎರಡು ವಾರದ ನಿದ್ದೆ, ಮೂಡ್, ಪಿಎಚ್‌ಕ್ಯೂ-9ರ ಅಂಕ ಇಟ್ಟುಕೊಂಡು ಹೋಗಿ, ಮೊದಲ ವಾಕ್ಯವನ್ನು ಬರೆದುಕೊಂಡೇ ಹೋಗಿ: 'ಮೂರು ವಾರದಿಂದ ನಿದ್ದೆ ಇಲ್ಲ, ಇದನ್ನು ಒಮ್ಮೆ ನೋಡ್ತೀರಾ?' ಆ ಮೇಲೆ ಅವರೇ ಕೇಳುತ್ತಾರೆ. ನಾವು ಹೇಳಿದ್ದು ಮನೆಗೋ, ವಿಭಾಗದ ಮುಖ್ಯಸ್ಥರಿಗೋ ಹೋಗುತ್ತದಾ, ಯಾವ ಸಂದರ್ಭದಲ್ಲಿ ಹೋಗುತ್ತದೆ ಅಂತ ಮೊದಲೇ ಕೇಳಿಕೊಳ್ಳುವುದರಲ್ಲಿ ತಪ್ಪಿಲ್ಲ. ಪ್ರಾಣಕ್ಕೆ ಅಪಾಯ ಇದ್ದಾಗ ಬೇರೆಯವರಿಗೆ ತಿಳಿಸುತ್ತೇವೆ ಅಂತ ಹೆಚ್ಚಿನ ಕೌನ್ಸೆಲರ್‌ಗಳು ಹೇಳುತ್ತಾರೆ.

ಕೌನ್ಸೆಲರ್ ಸಿಗದ ಕಡೆ ಒಬ್ಬ ಗೆಳತಿಯೋ ಅಣ್ಣನೋ ಆಗಬಹುದು. ಅವರಿಗೆ ಇಡೀ ಡೈರಿ ಕೊಡಬೇಡಿ, ಅದು ಅವರಿಗೂ ಭಾರ. ಭಾನುವಾರ ಸಂಜೆ ಆ ವಾರದ ಸರಾಸರಿ ಅಂಕ ಒಂದನ್ನು ಕಳಿಸುತ್ತೇನೆ, 4ಕ್ಕಿಂತ ಕಡಿಮೆ ಇದ್ದರೆ ನೀನೇ ಫೋನ್ ಮಾಡು, ಅಂತ ಮಾತಾಡಿಕೊಳ್ಳಿ. ಉಪದೇಶ ಬೇಡ, ಫೋನ್ ಸಾಕು ಅಂತಲೂ ಹೇಳಿಡಿ.

ಹಂತ 8: ನಾಲ್ಕು ವಾರದ ನಂತರ, ಇಟ್ಟುಕೊಳ್ಳಬೇಕಾ, ಬಿಡಬೇಕಾ

ಪ್ರಶ್ನಾವಳಿ ಮತ್ತೆ ತುಂಬಿ, ಹಳೆಯ ಅಂಕದ ಪಕ್ಕ ಇಡಿ. ಪಿಎಚ್‌ಕ್ಯೂ-9ರಲ್ಲಿ 5 ಅಂಕ ಇಳಿದಿದ್ದರೆ ಅದನ್ನು ವೈದ್ಯರೂ ನಿಜವಾದ ಸುಧಾರಣೆ ಅಂತ ಪರಿಗಣಿಸುತ್ತಾರೆ. ಹಾಗಿದ್ದರೆ ಮುಂದುವರಿಸಿ. ಒಂದೆರಡು ಅಂಕದ ಏರಿಳಿತಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಏರಿದ್ದರೆ, ಅಥವಾ 10ರಲ್ಲೋ ಅದರ ಮೇಲೋ ನಿಂತಿದ್ದರೆ, ಇನ್ನೊಂದು ಆ್ಯಪ್ ಹುಡುಕುವುದನ್ನು ಬಿಟ್ಟು ವೈದ್ಯರ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ದಿನಾ ಮೂಡ್ ಬರೆಯುವುದರಿಂದಲೇ ಮೂಡ್ ಕೆಡುತ್ತಿದೆ, ಬೆಳಗ್ಗೆ ಎದ್ದ ಕೂಡಲೇ 'ನನಗೆ ಇವತ್ತು ಬೇಜಾರಾ?' ಅಂತ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ ಅನ್ನುವವರೂ ಇದ್ದಾರೆ. ಅವರು ವಾರಕ್ಕೊಂದು ಸಲ ಬರೆಯಲಿ, ಇಲ್ಲವೇ ನಿಲ್ಲಿಸಲಿ.

ಬಿಡುವುದಾದರೆ ಕ್ರಮವಾಗಿ ಬಿಡಿ. ಮೊದಲು ನಿಮ್ಮ ಬರಹವನ್ನು ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ. ಎರಡನೆಯದು ಚಂದಾ ರದ್ದು. ಆ್ಯಪ್ ಡಿಲೀಟ್ ಮಾಡಿದರೆ ಚಂದಾ ತಾನಾಗಿ ನಿಲ್ಲುವುದಿಲ್ಲ, ಇದು ಬಹಳ ಜನರಿಗೆ ಗೊತ್ತಿರುವುದು ದುಡ್ಡು ಹೋದ ಮೇಲೆ. ಪ್ಲೇ ಸ್ಟೋರ್‌ನಲ್ಲಿ ನಿಮ್ಮ ಫೋಟೊ ಒತ್ತಿ 'ಪೇಮೆಂಟ್ಸ್ ಆ್ಯಂಡ್ ಸಬ್‌ಸ್ಕ್ರಿಪ್ಶನ್ಸ್'ಗೆ ಹೋಗಿ, ಐಫೋನ್‌ನಲ್ಲಾದರೆ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಹೆಸರು ಒತ್ತಿ 'ಸಬ್‌ಸ್ಕ್ರಿಪ್ಶನ್ಸ್'ಗೆ ಹೋಗಿ. ಉಚಿತ ಟ್ರಯಲ್ ತೆಗೆದುಕೊಂಡಿದ್ದರೆ ಮುಗಿಯುವ ಎರಡು ದಿನ ಮೊದಲೇ ಅಲಾರಂ ಇಟ್ಟುಕೊಂಡಿರಿ. ಮೂರನೆಯದು, ಆ್ಯಪ್‌ನ ಒಳಗೇ ಹೋಗಿ 'ಡಿಲೀಟ್ ಅಕೌಂಟ್' ಒತ್ತುವುದು. ಸಿಗದಿದ್ದರೆ ಅವರ ಸಹಾಯದ ಇಮೇಲ್‌ಗೆ 'ನನ್ನ ಅಕೌಂಟ್ ಮತ್ತು ಎಲ್ಲ ಮಾಹಿತಿ ಅಳಿಸಿ' ಅಂತ ಬರೆದು, ಅಳಿಸಿದ್ದೇವೆ ಅನ್ನುವ ಉತ್ತರ ಬಂದ ಮೇಲೆ ಆ್ಯಪ್ ತೆಗೆಯಿರಿ. ಸುರಕ್ಷತಾ ಪಟ್ಟಿಯ ನೋಟ್ ಮಾತ್ರ ಫೋನ್‌ನಲ್ಲಿ ಹಾಗೇ ಇರಲಿ, ಸೆಮಿಸ್ಟರ್‌ಗೊಮ್ಮೆ ತೆರೆದು ಅದರಲ್ಲಿರುವ ನಂಬರ್‌ಗಳು ಬದಲಾಗಿಲ್ಲ ತಾನೇ ಅಂತ ನೋಡಿ.